ಜ್ವರದಿಂದ ಗುಳಿಗೆಗೆ ಎಷ್ಟು ತಾಸು? ಆರೋಗ್ಯ ಸಚಿವರಿಗೆ ವಿಜಯಪುರದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ಮಾನ್ಯ ಜಿಲ್ಲಾಧಿಕಾರಿಗಳು, ವಿಜಯಪುರ ಜಿಲ್ಲೆ

ವಿಷಯ: ಇನ್‌ಫ್ಲುಯೆಂಜಾ (ಫ್ಲೂ) ಮಹಾಪಿಡುಗಿನ ಸಿದ್ಧತಾ ಯೋಜನೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆರಂಭಿಸಿ ಬರೆಯುವ ಕುರಿತು.

ಮಾನ್ಯರೇ,

ನಾನು ಈ ಜಿಲ್ಲೆಯಲ್ಲಿ 34 ವರ್ಷ ಕೆಲಸ ಮಾಡಿ 2023ರಲ್ಲಿ ನಿವೃತ್ತಳಾದ ಹಿರಿಯ ಆರೋಗ್ಯ ಸಹಾಯಕಿ. ನಮ್ಮ ಕಡೆಯ ಮಂದಿ ನರ್ಸಬಾಯಿ ಅನ್ನುತ್ತಾರೆ. ನನ್ನ ವ್ಯಾಪ್ತಿಯಲ್ಲಿ ನಾಲ್ಕು ಹಳ್ಳಿ, ಐದು ಲಂಬಾಣಿ ತಾಂಡಾ ಇದ್ದವು. ಮಳೆಗಾಲದಲ್ಲಿ ಕರಿಮಣ್ಣಿನ ಹಾದಿ ಕೆಸರಾಗಿ ಸ್ಕೂಟಿ ಮುಂದೆ ಹೋಗದಿದ್ದಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಲಸಿಕೆ ಹಾಕಿ ಬಂದಿದ್ದೇವೆ. ನೌಕರಿಯಲ್ಲಿ ಇರುವವರೆಗೆ ಮೇಲಿನವರಿಗೆ ಪತ್ರ ಬರೆಯುವ ಧೈರ್ಯ ನನಗಿರಲಿಲ್ಲ. ಈಗ ಬರೆಯುತ್ತಿದ್ದೇನೆ.

2015ರ ಫೆಬ್ರುವರಿ. ಹಂದಿಜ್ವರದ ಸುದ್ದಿ ದಿನವೂ ಪತ್ರಿಕೆಯಲ್ಲಿ ಬರುತ್ತಿದ್ದ ತಿಂಗಳು. ನಮ್ಮ ಒಂದು ತಾಂಡಾದ ಹೆಣ್ಣುಮಗಳು ಗಂಡನ ಜೋಡಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಳು. ವಯಸ್ಸು ಇಪ್ಪತ್ತಮೂರು, ಏಳು ತಿಂಗಳ ಬಸುರಿ. ಹೋಗುವಾಗ ಬಸುರಿಯರ ತಪಾಸಣೆಯ 'ತಾಯಿ ಕಾರ್ಡ್' ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಂಗಡ ಒಯ್ದಿದ್ದಳು. ಅಲ್ಲಿ ಯಾರಾದರೂ ಕೇಳಿದರೆ ತೋರಿಸು ಅಂತ ನಾನೇ ಹೇಳಿದ್ದೆ. ಯಾರೂ ಕೇಳಿರಲಿಲ್ಲ. ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ಜ್ವರ ಬಂತು. ಎರಡು ದಿನ ಅಲ್ಲೇ ಮಲಗಿದಳು. ಮುಕಾದಮ, ಅಂದರೆ ಕೂಲಿ ಮಂದಿಯನ್ನು ಕರೆದೊಯ್ಯುವ ಗುತ್ತಿಗೆದಾರ, ಅಂಗಡಿಯಿಂದ ಜ್ವರದ ಗುಳಿಗೆ ತಂದುಕೊಟ್ಟ. ಮೂರನೇ ದಿನ ರಾತ್ರಿ ಊರ ಕಡೆ ಬರುವ ಒಂದು ಟೆಂಪೋದಲ್ಲಿ ಕೂರಿಸಿ ಕಳಿಸಿದರು. ನಾಲ್ಕನೇ ದಿನ ಬೆಳಗ್ಗೆ ಆಶಾ ಕಾರ್ಯಕರ್ತೆ ಫೋನ್ ಮಾಡಿದಾಗ ನಾನು ಹೋಗಿ ನೋಡಿದೆ. ಮೈ ಕಾದ ಹಂಚಿನಂತಿತ್ತು, ಕೆಮ್ಮು, ಗಂಟಲು ನೋವು. ಉಸಿರಾಟ ಇನ್ನೂ ಸರಿಯಿತ್ತು. ಎದ್ದು ಕೂತು, ಬಾಯಾರ ಚಾ ಕುಡೀತೀರೇನ್ರಿ ಅಂತ ನನ್ನನ್ನೇ ಕೇಳಿದಳು.

ನಮ್ಮ ಕೇಂದ್ರದಲ್ಲಿ ಫ್ಲೂ ವೈರಾಣುವಿಗೆ ಕೊಡುವ ಗುಳಿಗೆ, ಅಂದರೆ ಒಸೆಲ್ಟಾಮಿವಿರ್, ಇರಲಿಲ್ಲ. ವೈದ್ಯರು ಎರಡು ಕೇಂದ್ರ ನೋಡಿಕೊಳ್ಳುತ್ತಿದ್ದರು, ಆ ದಿನ ಇನ್ನೊಂದರಲ್ಲಿದ್ದರು. ಮೊದಲ ಆಸ್ಪತ್ರೆಗೆ ಕರೆದೊಯ್ದಾಗ, ಗಂಟಲ ದ್ರವ ಪರೀಕ್ಷೆಗೆ ಹೋಗಬೇಕು, ವರದಿ ಬಂದ ಮೇಲೆ ಗುಳಿಗೆ ಅಂದರು. ದ್ರವ ತೆಗೆಯುವ ವ್ಯವಸ್ಥೆ ಅಲ್ಲಿಲ್ಲ, ಮುಂದಿನ ಆಸ್ಪತ್ರೆಗೆ ಹೋಗಿ ಅಂದರು. ಮುಂದಿನ ಆಸ್ಪತ್ರೆಯಲ್ಲಿ ಮಾರನೆಯ ದಿನ ದ್ರವ ತೆಗೆದು ಜಿಲ್ಲೆಯ ಹೊರಗೆ ಕಳಿಸಿದರು. ಅಲ್ಲಿಯೂ ಅದೇ ಮಾತು, ವರದಿ ಬರಲಿ. ಏಳನೇ ದಿನ ಏದುಸಿರು ಹತ್ತಿ ತುಟಿ ನೀಲಿಗಟ್ಟಿದಾಗ ಗುಳಿಗೆ ಶುರು ಮಾಡಿದರು. ಒಂಬತ್ತನೇ ದಿನ ಅವಳು ತೀರಿಕೊಂಡಳು. ಹೊಟ್ಟೆಯಲ್ಲಿನ ಕೂಸೂ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮಾರನೇ ದಿನ ನನಗೆ ಫೋನ್ ಬಂತು. ವರದಿ ಪಾಸಿಟಿವ್ ಇದೆ, ಸಂಪರ್ಕದಲ್ಲಿದ್ದವರ ಪಟ್ಟಿ ಸಂಜೆಯೊಳಗೆ ಕಳಿಸಿ. ಅವಳ ಗ್ಯಾಂಗಿನ ಮಂದಿ ಅಷ್ಟರಲ್ಲಿ ಗಡಿಯಾಚೆ ಇನ್ನೊಂದು ಊರಿನ ಗದ್ದೆಗೆ ಹೋಗಿ ಮೂರು ದಿನವಾಗಿತ್ತು.

ಯಾವ ಆಸ್ಪತ್ರೆ, ಯಾವ ವೈದ್ಯರು ಎಂಬುದನ್ನು ನಾನು ಬರೆಯುವುದಿಲ್ಲ. ಅವರೂ ಹಗಲುರಾತ್ರಿ ದುಡಿಯುತ್ತಿದ್ದರು. ನನ್ನ ದೂರು ಇರುವುದು ಇನ್ನೊಂದು ವಿಷಯಕ್ಕೆ.

ಎಷ್ಟೋ ತಿಂಗಳ ನಂತರ ಒಂದು ತರಬೇತಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯನ್ನು ಒಬ್ಬ ಯುವ ವೈದ್ಯರು ಬಿಡಿಸಿ ಹೇಳಿದರು. ಫ್ಲೂ ರೋಗಿಗಳನ್ನು ಅದರಲ್ಲಿ ಮೂರು ವರ್ಗ ಮಾಡಿದ್ದಾರೆ. ಸಣ್ಣ ಜ್ವರ, ಕೆಮ್ಮು ಇದ್ದವರು ಎ. ಅವರಿಗೆ ಪರೀಕ್ಷೆಯೂ ಬೇಡ, ಈ ಗುಳಿಗೆಯೂ ಬೇಡ, ಮನೆಯಲ್ಲಿ ವಿಶ್ರಾಂತಿ ಸಾಕು. ಜ್ವರ ಜೋರಿದ್ದು ಗಂಟಲು ಬಹಳ ಕೆಟ್ಟವರು, ಜೊತೆಗೆ ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ತೊಂದರೆ ಇರುವವರು ಬಿ. ಏದುಸಿರು, ಎದೆನೋವು, ಮಂಪರು, ಉಗುರು ನೀಲಿಯಾಗುವುದು ಕಂಡರೆ ಸಿ. ಅವರನ್ನು ತಕ್ಷಣ ಆಸ್ಪತ್ರೆಗೆ ಸೇರಿಸಿ ಪರೀಕ್ಷೆ ಮಾಡಬೇಕು. ಬಿ ವರ್ಗದ ಬಸುರಿಗೆ ಏನು ಮಾಡಬೇಕೆಂದು ಅಲ್ಲಿ ಬರೆದಿದೆ ಗೊತ್ತೇ? ಪರೀಕ್ಷೆ ಅಗತ್ಯವಿಲ್ಲ, ಗುಳಿಗೆ ಶುರು ಮಾಡಿ.

ನಾನು ತರಬೇತಿಯ ಕುರ್ಚಿಯಲ್ಲೇ ಅತ್ತುಬಿಟ್ಟೆ. ಆ ಕಾಗದ ನಮ್ಮ ಕೇಂದ್ರದ ಕಪಾಟಿನ ಫೈಲಿನಲ್ಲೇ ಇತ್ತು. ಇಂಗ್ಲಿಷಿನಲ್ಲಿತ್ತು. ನಾನು ಓದಿರಲಿಲ್ಲ. ನನಗಿಂತ ಮೇಲಿನ ಎರಡು ಕಡೆಯವರೂ ಆ ದಿನ ಅದನ್ನು ನೆನಪಿಗೆ ತಂದುಕೊಳ್ಳಲಿಲ್ಲ. ದಿನಕ್ಕೆ ಎರಡರಂತೆ ಐದು ದಿನ, ಒಟ್ಟು ಹತ್ತು ಗುಳಿಗೆ. ಮೊದಲ 48 ತಾಸಿನೊಳಗೆ ಕೊಟ್ಟರೆ ಹೆಚ್ಚು ಗುಣ. ತಡವಾದರೂ ಬಸುರಿಯರಿಗೆ, ರೋಗ ಬಿಗಡಾಯಿಸಿದವರಿಗೆ ಕೊಡಲೇಬೇಕು ಅನ್ನುತ್ತಾರೆ ವೈದ್ಯರು. ನಾಲ್ಕನೇ ದಿನ ಬೆಳಗ್ಗೆ ನನ್ನ ಚೀಲದಲ್ಲಿ ಆ ಹತ್ತು ಗುಳಿಗೆ ಇದ್ದು, ಕೊಡಿಸು ಅಂತ ಫೋನಿನಲ್ಲಿ ಹೇಳುವ ವೈದ್ಯರೊಬ್ಬರು ಇದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ಎದೆ ತಟ್ಟಿ ಹೇಳಲಾರೆ. ಬದುಕುವ ಅವಕಾಶ ಹೆಚ್ಚಿರುತ್ತಿತ್ತು ಎಂದಂತೂ ಹೇಳಬಲ್ಲೆ.

ಆ ಒಂದು ವರ್ಷದಲ್ಲಿ ದೇಶದಲ್ಲಿ 42,592 ಮಂದಿಗೆ ಎಚ್1ಎನ್1, ಅಂದರೆ ಹಂದಿಜ್ವರ, ದೃಢಪಟ್ಟು 2,990 ಮಂದಿ ಸತ್ತರು. ಎರಡು ವರ್ಷ ಬಿಟ್ಟು 2017ರಲ್ಲಿ ಮತ್ತೆ 2,270 ಸಾವು. ಇವು ಪರೀಕ್ಷೆಯಾಗಿ ಲೆಕ್ಕಕ್ಕೆ ಸಿಕ್ಕವರು ಮಾತ್ರ. 2009ರಲ್ಲಿ ಮಹಾಪಿಡುಗಾಗಿ ಬಂದ ಆ ವೈರಾಣು ಈಗ ಪ್ರತಿವರ್ಷದ ಸಾಮಾನ್ಯ ಫ್ಲೂಗಳಲ್ಲಿ ಒಂದಾಗಿ ನಮ್ಮ ನಡುವೆಯೇ ಉಳಿದಿದೆ. ಅದು ಮಹಾಪಿಡುಗುಗಳ ಪೈಕಿ ಸೌಮ್ಯವಾದದ್ದು ಎನ್ನುತ್ತಾರೆ. ಸೌಮ್ಯವಾದದ್ದಕ್ಕೇ ನಮ್ಮ ವ್ಯವಸ್ಥೆ ಹೀಗೆ ತಡವರಿಸಿತು ಅನ್ನುವುದೇ ನನ್ನ ಭಯ.

ಸೌಮ್ಯವಲ್ಲದ್ದು ಹೇಗಿತ್ತು ಎಂಬುದನ್ನು ನಮ್ಮಜ್ಜಿ ಹೇಳುತ್ತಿದ್ದಳು. 1918ರಲ್ಲಿ ಅವಳಿಗೆ ಹನ್ನೆರಡೋ ಹದಿಮೂರೋ. ಆಗ ನಮ್ಮ ಜಿಲ್ಲೆ, ಬೆಳಗಾವಿ, ಧಾರವಾಡ ಎಲ್ಲವೂ ಮುಂಬಯಿ ಪ್ರಾಂತದಲ್ಲಿದ್ದವು. ಜೂನಿನಲ್ಲಿ ಮುಂಬಯಿ ಬಂದರಿನ ಕಡೆಯಿಂದ ಬಂದ ಜ್ವರ, ಸೆಪ್ಟೆಂಬರ್ ಹೊತ್ತಿಗೆ ಇನ್ನಷ್ಟು ಉಗ್ರವಾಗಿ ರೈಲು ಹಾದಿ ಹಿಡಿದು ಒಳನಾಡಿಗೆ ಹಬ್ಬಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮರಾಠಿಯವರು ಅದನ್ನು ಮಾನಮೋಡಿ ಎಂದು ಕರೆದರು, ಕುತ್ತಿಗೆ ಮುರಿಯುವ ರೋಗ. ಅಜ್ಜಿಯ ಬಾಯಲ್ಲೂ ಅದೇ ಹೆಸರಿತ್ತು. "ಹೆಣಾ ಹೊರಾಕ ನಾಕ ಮಂದಿ ಸಿಗತಿದ್ದಿಲ್ಲವ್ವಾ, ಹೊತ್ತಾವ್ರ ಮರುದಿನ ಮಲಗತಿದ್ರು" ಅನ್ನುತ್ತಿದ್ದಳು. ದೇಶದಲ್ಲಿ ಸತ್ತವರು 1.2 ಕೋಟಿಗೂ ಹೆಚ್ಚೆಂದು ಅಂದಾಜು. 1911ರಿಂದ 1921ರ ನಡುವಿನ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಇಳಿಯಿತು. ಕಳೆದ ಶತಮಾನದಲ್ಲಿ ಹಾಗಾದ ದಶಕ ಅದೊಂದೇ. ಆ ರೋಗ ಮುದುಕರನ್ನು ಬಿಟ್ಟು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು ಹೆಚ್ಚು ಒಯ್ದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಅಜ್ಜಿಯ ಇಬ್ಬರು ಅತ್ತಿಗೆಯರು ಒಂದೇ ವಾರದಲ್ಲಿ ಹೋದರು. ಅವರಲ್ಲಿ ಒಬ್ಬಳು ಬಸುರಿಯಾಗಿದ್ದಳು.

ಕೋವಿಡ್ ಅನುಭವ ನಮಗಿದೆ, ಇನ್ನೇನು ಬಂದರೂ ಎದುರಿಸುತ್ತೇವೆ ಎಂದು ಅಧಿಕಾರಿಗಳು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಕೋವಿಡ್ ಕೆಲಸ ನಾನೂ ಮಾಡಿದ್ದೇನೆ, ಆ ಅನುಭವವನ್ನು ಕಡೆಗಣಿಸುವುದಿಲ್ಲ. ಆದರೆ ಫ್ಲೂ ನಡೆಯುವ ವೇಗ ಬೇರೆ. 2020ರಲ್ಲಿ ಸೋಂಕು ತಗುಲಿ ಲಕ್ಷಣ ಕಾಣಲು ಸುಮಾರು ಐದು ದಿನ ಬೇಕಾಗುತ್ತಿತ್ತು. ಫ್ಲೂಗೆ ಎರಡು ದಿನ ಸಾಕು. ಸಂಪರ್ಕದಲ್ಲಿದ್ದವರನ್ನು ಹುಡುಕಿ, ಪಟ್ಟಿ ಮಾಡಿ, ಕೈಗೆ ಮುದ್ರೆ ಒತ್ತುವಷ್ಟರಲ್ಲಿ ಅವರು ಇನ್ನೊಂದು ಸುತ್ತು ಮಂದಿಗೆ ಹಂಚಿರುತ್ತಾರೆ. ಕೋವಿಡ್‌ನಲ್ಲಿ ಮೊದಮೊದಲು ನಮ್ಮ ಬಳಿ ಗುಳಿಗೆಯೇ ಇರಲಿಲ್ಲ. ಫ್ಲೂಗೆ ಗುಳಿಗೆ ಇದೆ. ಇರುವ ಗುಳಿಗೆ ಸಕಾಲಕ್ಕೆ ಸಿಗದೆ ಸಾಯುವುದು, ಮದ್ದೇ ಇಲ್ಲದೆ ಸತ್ತದ್ದಕ್ಕಿಂತ ದೊಡ್ಡ ಅನ್ಯಾಯ.

ಲಸಿಕೆ ಬರುತ್ತದಲ್ಲ ಎನ್ನಬಹುದು. 2009ರ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಮಹಾಪಿಡುಗು ಎಂದು ಘೋಷಿಸಿದ್ದು ಜೂನ್ 11ರಂದು. ನಮ್ಮ ದೇಶದ ಮೊದಲ ಸಾವು ಪುಣೆಯಲ್ಲಿ, ಆಗಸ್ಟ್ 3ಕ್ಕೆ. ಹದಿನಾಲ್ಕು ವರ್ಷದ ಶಾಲೆಯ ಹುಡುಗಿ. ಪುಣೆಯಿಂದ ನಮ್ಮ ಭಾಗಕ್ಕೆ ಬಸ್ಸುಗಳು ರಾತ್ರಿ ಹೊರಟು ಬೆಳಗ್ಗೆ ಮುಟ್ಟುತ್ತವೆ. ನಮ್ಮಲ್ಲೇ ತಯಾರಾದ ಲಸಿಕೆ ಮಾರುಕಟ್ಟೆಗೆ ಬಂದದ್ದು 2010ರ ಜೂನ್-ಜುಲೈಯಲ್ಲಿ. 2010ರ ಆಗಸ್ಟ್ 10ಕ್ಕೆ ಮಹಾಪಿಡುಗು ಮುಗಿಯಿತೆಂದು ಅದೇ ಸಂಸ್ಥೆ ಸಾರಿತು. ತಂತ್ರಜ್ಞಾನ ಈಗ ಮುಂದುವರಿದಿದೆ, ನಿಜ. ಆದರೂ ಹೊಸ ವೈರಾಣು ಗುರುತಿಸಿ ಲಸಿಕೆ ತಯಾರಿಸಿ ಐದು ತಾಂಡಾಗಳಿಗೆ ಮುಟ್ಟಿಸುವವರೆಗೆ ತಿಂಗಳುಗಳೇ ಬೇಕು. ಆ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿರುವುದು ಗುಳಿಗೆ, ಮಾಸ್ಕ್, ಆಮ್ಲಜನಕ ಮತ್ತು ಆಶಾ ಕಾರ್ಯಕರ್ತೆಯ ಕಾಲು.

ಇನ್ನು ನಮ್ಮ ಜಿಲ್ಲೆಯ ಪಂಚಾಂಗ. ಫ್ಲೂ ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಲ ಏಳುತ್ತದೆ, ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚಿನವರೆಗೆ ಇನ್ನೊಮ್ಮೆ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ, ಆಷಾಢಕ್ಕೆ ಪಂಢರಪುರದ ದಿಂಡಿ. ಇವನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನಾನೂ ಎಲ್ಲಮ್ಮನಿಗೆ ಉಧೋ ಉಧೋ ಅಂದು ಪಡ್ಡಲಗಿ ತುಂಬಿಸಿದವಳೇ. ಯಾವ ಹುಣ್ಣಿಮೆಗೆ ಎಲ್ಲಿ ಲಕ್ಷಗಟ್ಟಲೆ ಮಂದಿ ಸೇರುತ್ತಾರೆಂದು ವರ್ಷದ ಮೊದಲೇ ಗೊತ್ತಿರುವಾಗ, ಅಲ್ಲಿಯ ತಾತ್ಕಾಲಿಕ ದವಾಖಾನೆಯಲ್ಲಿ ಫ್ಲೂ ಗುಳಿಗೆ ಇದೆಯೇ, ಜಾತ್ರೆ ಮುಗಿದ ಎರಡು ವಾರ ಸುತ್ತಲಿನ ಹಳ್ಳಿಗಳ ಜ್ವರದ ಲೆಕ್ಕವನ್ನು ಯಾರು ನೋಡುತ್ತಾರೆ ಎಂದು ಕೇಳುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ, ದೀಪಾವಳಿ ಮುಂದಿಟ್ಟುಕೊಂಡು ನಮ್ಮ ತಾಂಡಾಗಳು ಖಾಲಿಯಾಗುತ್ತವೆ. ಮುಕಾದಮನ ಮುಂಗಡ ಪಡೆದ ಗಂಡ ಹೆಂಡತಿ ಜೋಡಿಗಳು ಕೊಯ್ತಾ, ಪಾತ್ರೆ, ಮಕ್ಕಳು, ಕೋಳಿ ಸಮೇತ ಗಡಿಯಾಚೆಗೂ, ಇತ್ತ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಕಡೆಗೂ ಹೊರಡುತ್ತವೆ. ಮಾರ್ಚ್ ಹೊತ್ತಿಗೆ ವಾಪಸು. ಅಂದರೆ ಚಳಿಗಾಲದ ಫ್ಲೂ ಏಳುವ ಅಷ್ಟೂ ದಿನ ಅವರು ಗುಡಿಸಲಿನಲ್ಲಿ ಒತ್ತೊತ್ತಾಗಿ ಮಲಗಿರುತ್ತಾರೆ, ಯಾವ ಆಶಾಳ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಅವರ ಮುಂದೆ "ವಲಸೆ" ಎಂದು ಬರೆದು ಮುಂದಿನ ಹೆಸರಿಗೆ ಹೋಗುತ್ತೇವೆ. ಆ ಊರಿನವರ ರಿಜಿಸ್ಟರಿನಲ್ಲಿ ಅವರ ಹೆಸರೇ ಇರುವುದಿಲ್ಲ. ಆ ಹೆಣ್ಣುಮಗಳ ಮೊದಲ 48 ತಾಸು ಹೋದದ್ದು ಇಲ್ಲೇ. ಕಬ್ಬಿನ ಟನ್ನಿಗೆ ತೂಕದ ಚೀಟಿ ಇದೆ, ಕಡಿಯುವ ಮಂದಿಯ ಜ್ವರಕ್ಕೆ ಒಂದು ಚೀಟಿ ಇಲ್ಲ.

ಕೋಳಿಯ ಮಾತೂ ಸೇರಿಸುತ್ತೇನೆ. 2025ರ ಫೆಬ್ರುವರಿ-ಮಾರ್ಚಿನಲ್ಲಿ ರಾಯಚೂರು, ಬಳ್ಳಾರಿ, ಚಿಕ್ಕಬಳ್ಳಾಪುರ ಕಡೆ ಹಕ್ಕಿಜ್ವರ ಕಂಡಿತು. ರಾಯಚೂರು ನಮಗೆ ದೂರವೇನಲ್ಲ. ಅಮೆರಿಕದಲ್ಲಿ 2024ರಿಂದ ಅದೇ ಹಕ್ಕಿಜ್ವರದ ವೈರಾಣು ಎಚ್5ಎನ್1 ಹೈನದ ಹಸುಗಳಿಗೂ ತಗುಲಿದೆ. ಫ್ಲೂ ವೈರಾಣುವಿನ ವಂಶವಾಹಿ ಎಂಟು ತುಂಡುಗಳಲ್ಲಿರುತ್ತದೆ. ಹಕ್ಕಿಯ ಫ್ಲೂ, ಹಂದಿಯ ಫ್ಲೂ, ಮನುಷ್ಯರ ಫ್ಲೂ ಒಂದೇ ಮೈಯಲ್ಲಿ ಕೂಡಿದರೆ ಆ ತುಂಡುಗಳು ಅದಲುಬದಲಾಗಿ ಯಾರ ಮೈಯೂ ಗುರುತಿಸದ ಹೊಸ ರೋಗ ಹುಟ್ಟಬಹುದು. 2009ರದ್ದು ಹಂದಿಗಳಲ್ಲಿ ಹಾಗೆ ಹುಟ್ಟಿದ್ದೇ. ನಮ್ಮಲ್ಲಿ ಕೋಳಿ ಒಂದೊಂದಾಗಿ ತೂಕಡಿಸತೊಡಗಿದರೆ ಮಂದಿ ಏನು ಮಾಡುತ್ತಾರೆ? ಸಾಯುವ ಮೊದಲೇ ಕೊಯ್ದು ಸಾರು ಮಾಡುತ್ತಾರೆ, ಇಲ್ಲವೇ ಸಂತೆಗೆ ಒಯ್ಯುತ್ತಾರೆ. ಬಡವರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರವಿದೆ, ತಾನೇ ಸತ್ತ ಕೋಳಿಗಿಲ್ಲ. ಹಾಗಿರುವಾಗ ಯಾರು ಬಂದು ತಿಳಿಸುತ್ತಾರೆ? ಪಶು ದವಾಖಾನೆಯೂ ನಮ್ಮ ದವಾಖಾನೆಯೂ ಒಂದೇ ಊರಿನಲ್ಲಿದ್ದರೂ ನನ್ನ ಸೇವೆಯಲ್ಲಿ ಒಂದು ದಿನವೂ ನಾವು ಒಟ್ಟಿಗೆ ಕೂತು ಮಾತಾಡಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ.

ಮೊದಲನೆಯದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕನಿಷ್ಠ ಇಪ್ಪತ್ತು ಮಂದಿಗಾಗುವಷ್ಟು, ಅಂದರೆ 200 ಗುಳಿಗೆ, ಜೊತೆಗೆ ಮಕ್ಕಳಿಗೆ ಕೊಡುವ ರೂಪದ ಔಷಧಿ ವರ್ಷವಿಡೀ ಇರಲಿ. ವೈದ್ಯರು ಎದುರಿಗಿಲ್ಲದಾಗ ಅವರ ಫೋನ್ ಸೂಚನೆಯ ಮೇಲೆ, ಬರವಣಿಗೆಯಲ್ಲಿ ದಾಖಲಿಸಿ, ಬಿ ವರ್ಗದ ಬಸುರಿಗೆ ಗುಳಿಗೆ ಶುರು ಮಾಡಲು ಸ್ಪಷ್ಟ ಆದೇಶ ಬೇಕು. ಕಂಡಕಂಡವರಿಗೆ ಕೊಟ್ಟರೆ ಗುಳಿಗೆಗೆ ವೈರಾಣು ಬಗ್ಗದಂತಾಗುತ್ತದೆ ಎಂಬ ಆತಂಕ ವೈದ್ಯರಿಗಿದೆ. ಅದು ಸರಿಯಾದ ಆತಂಕವೇ. ಅದಕ್ಕಾಗಿಯೇ ವರ್ಗ ನೋಡಿ ಕೊಡಿ ಎಂದು ಮಾರ್ಗಸೂಚಿ ಹೇಳಿದೆ. ಎ ವರ್ಗದವರಿಗೆ ಕೊಡಬಾರದು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಕಲಿಸಿ. ಅವಧಿ ಮುಗಿದು ಹಾಳಾಗುತ್ತದೆ ಎಂದರೆ, ಅವಧಿ ಹತ್ತಿರವಾದ ದಾಸ್ತಾನನ್ನು ರೋಗಿಗಳು ಹೆಚ್ಚಿರುವ ದೊಡ್ಡ ಆಸ್ಪತ್ರೆಗೆ ಕಳಿಸಿ ಹೊಸದನ್ನು ತರಿಸಬಹುದು. ಲಸಿಕೆಯ ದಾಸ್ತಾನನ್ನು ನಾವು ಹಾಗೆಯೇ ನಿಭಾಯಿಸಿಕೊಂಡು ಬಂದಿದ್ದೇವೆ.

ಆ ಮೂರು ವರ್ಗಗಳ ವಿವರ ಒಂದೇ ಪುಟದಲ್ಲಿ, ದಪ್ಪಕ್ಷರದ ಕನ್ನಡದಲ್ಲಿ, ಪ್ರತಿ ಉಪಕೇಂದ್ರದ ಗೋಡೆಗೆ ಬರಲಿ. ಗಡಿಭಾಗದಲ್ಲಿ ಮರಾಠಿಯಲ್ಲೂ, ತಾಂಡಾಗಳಲ್ಲಿ ಲಂಬಾಣಿ ಮಾತಿನ ಧ್ವನಿಮುದ್ರಿಕೆಯಾಗಿಯೂ ಬರಲಿ. ಇದಕ್ಕೆ ಯಾವ ಅನುದಾನಕ್ಕೂ ಕಾಯಬೇಕಿಲ್ಲ. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಒಂದು ವಾರದ ಕೆಲಸ.

ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವ ಮುನ್ನ ವಿಜಯಪುರ, ಬೆಳಗಾವಿ, ಬಾಗಲಕೋಟೆ ಈ ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳೂ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರದ ಅಧಿಕಾರಿಗಳೂ ಒಮ್ಮೆ ಕೂತು, ಗುಡಿಸಲುಗಳಿಗೆ ವಾರಕ್ಕೊಮ್ಮೆ ಯಾವ ಕೇಂದ್ರದ ನರ್ಸ್ ಹೋಗಬೇಕೆಂದು ಹೆಸರು ಹಚ್ಚಿ ನಿಗದಿ ಮಾಡಬೇಕು. ಪ್ರತಿ ಮುಕಾದಮನ ಕೈಯಲ್ಲಿ ಒಂದು ಫೋನ್ ನಂಬರ್ ಇರಬೇಕು. ನಮ್ಮ ತಾಯಿ ಕಾರ್ಡ್ ನೋಡಿದ ಕೂಡಲೇ ಗಡಿಯಾಚೆಯ ಕೇಂದ್ರದವರು ನಮಗೆ ತಿಳಿಸುವಂತಾಗಬೇಕು. ಗಡಿ ವಿವಾದ ನ್ಯಾಯಾಲಯದಲ್ಲಿ ಇರಲಿ. ಬಸುರಿಯ ಜ್ವರಕ್ಕೆ ಎರಡೂ ರಾಜ್ಯಗಳು ಕೈಜೋಡಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಫ್ಲೂ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಎಲ್ಲರಿಗೂ ಕೊಡಿ ಎಂದು ಕೇಳುವಷ್ಟು ತಿಳಿವಳಿಕೆ ಇಲ್ಲದವಳಲ್ಲ ನಾನು, ಖರ್ಚು ಗೊತ್ತು. ಬಸುರಿಯರಿಗೂ, ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಆಂಬ್ಯುಲೆನ್ಸ್ ಚಾಲಕರು ಸೇರಿ ರೋಗಿಯ ಮೈ ಮುಟ್ಟುವ ಎಲ್ಲರಿಗೂ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕೊಡಿ. 34 ವರ್ಷದಲ್ಲಿ ನನ್ನ ಕೈಯಿಂದ ಎಷ್ಟು ಸಾವಿರ ಲಸಿಕೆ ಹಾಕಿದ್ದೇನೋ, ಫ್ಲೂ ಲಸಿಕೆ ನನ್ನ ತೋಳಿಗೆ ಒಮ್ಮೆಯೂ ಬೀಳಲಿಲ್ಲ. ವರ್ಷವರ್ಷ ಲಸಿಕೆ ಕೊಡುವ ರೂಢಿ ಇದ್ದರೆ ಮಹಾಪಿಡುಗಿನ ಲಸಿಕೆ ಬಂದಾಗ ತಣ್ಣನೆಯ ಪೆಟ್ಟಿಗೆ, ಹಾದಿ, ಪಟ್ಟಿ ಎಲ್ಲ ಸಿದ್ಧವಿರುತ್ತದೆ.

ಕೋವಿಡ್ ಹೊತ್ತಿನಲ್ಲಿ ಕೂರಿಸಿದ ಆಮ್ಲಜನಕ ಘಟಕಗಳನ್ನು ತಿಂಗಳಿಗೊಮ್ಮೆ ನಡೆಸಿ ನೋಡಿ, ಫಲಿತಾಂಶವನ್ನು ಆಸ್ಪತ್ರೆಯ ಬಾಗಿಲಿಗೆ ಹಚ್ಚಲಿ. ದ್ರವ ಪರೀಕ್ಷೆಯ ಯಂತ್ರಗಳನ್ನು ಫ್ಲೂ ಪರೀಕ್ಷೆಗೂ ಬಳಸಿ, ವರದಿ 24 ತಾಸಿನಲ್ಲಿ ಕಳಿಸಿದವರಿಗೇ ಮರಳಲಿ. ಪಶು ವೈದ್ಯರು ಮತ್ತು ನಮ್ಮ ವೈದ್ಯರು ತಿಂಗಳಿಗೊಂದು ದಿನ ಒಟ್ಟಿಗೆ ಕೂರಲಿ, ತಾನೇ ಸತ್ತ ಕೋಳಿಯ ಬಗ್ಗೆ ಮೊದಲು ತಿಳಿಸಿದವರಿಗೂ ಒಂದಿಷ್ಟು ಪರಿಹಾರ ಸಿಗಲಿ.

ಕೊನೆಯದಾಗಿ, ಜಿಲ್ಲೆಯ ಇನ್‌ಫ್ಲುಯೆಂಜಾ ಸಿದ್ಧತಾ ಯೋಜನೆಯನ್ನು ಕನ್ನಡದಲ್ಲಿ ಪ್ರಕಟಿಸಿ. ಅದರಲ್ಲಿ ಹಾಸಿಗೆಗಳ ಸಂಖ್ಯೆಯ ಮೊದಲು ಇನ್ನೊಂದು ಸಂಖ್ಯೆ ಇರಲಿ: ಜಿಲ್ಲೆಯ ಅತಿ ದೂರದ ತಾಂಡಾದಲ್ಲಿ ಬಸುರಿಗೆ ಜ್ವರ ಬಂದರೆ ಮೊದಲ ಗುಳಿಗೆ ಅವಳ ಬಾಯಿಗೆ ಬೀಳಲು ಎಷ್ಟು ತಾಸು? ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ಮಾಡಿ, ಗಡಿಯಾರ ಹಿಡಿದು ಅಳೆಯಿರಿ. ಅಳೆಯುವ ದಿನ ಕರೆದರೆ ನಾನು ಬರುತ್ತೇನೆ. ಯಾವ ತಾಂಡಾದ ಹಾದಿ ಯಾವ ತಿಂಗಳು ಮುಚ್ಚುತ್ತದೆ, ಯಾವ ಹಳ್ಳ ದಾಟಲು ಯಾರ ಟ್ರ್ಯಾಕ್ಟರ್ ಕೇಳಬೇಕು ಎಂಬುದು ನನ್ನ ಹಳೆಯ ಡೈರಿಗಳಲ್ಲಿದೆ. ಅವನ್ನೂ ತರುತ್ತೇನೆ.

ಅವಳ ಗಂಡ ಮರುಮದುವೆಯಾಗಿ, ಈಗಲೂ ಪ್ರತಿವರ್ಷ ಕಬ್ಬಿಗೆ ಹೋಗುತ್ತಾನೆ. ಹೋದ ವರ್ಷ ಹೊರಡುವ ಮುಂದೆ ಮನೆಗೆ ಬಂದು, ಈಕೆಗೂ ನಾಲ್ಕು ತಿಂಗಳು ತುಂಬ್ಯಾವ, ಅಲ್ಲಿ ಏನಾರ ಆದರ ಯಾರಿಗೆ ಫೋನ್ ಹಚ್ಚಲಿ ಬಾಯಾರ ಅಂತ ಕೇಳಿದ. ನನ್ನ ನಂಬರನ್ನೇ ಬರೆದುಕೊಟ್ಟೆ. ಸರ್ಕಾರದ್ದೊಂದು ನಂಬರ್ ಈ ಸಲದ ದೀಪಾವಳಿಯೊಳಗೆ ಅವನ ಕೈಗೆ ಸಿಗುವಂತೆ ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ
ವಿಜಯಪುರ ಜಿಲ್ಲೆ